ಕಲಿಸುತ್ತಲೇ ಕಲಿತವರು



ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರಾ ನದಿಗೆ ಅಡ್ಡಲಾಗಿ ಕಟ್ಟಿದ ಹೆಬ್ಬಾಳೆ ಸೇತುವೆಯನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಮಳೆ ಬಲವಾದ ವರ್ಷಗಳಲ್ಲಿ ಅದು ನೀರಿನಲ್ಲಿ ಮುಳುಗಿ, ಆಚೆಯವರು ಆಚೆಗೂ ಈಚೆಯವರು ಈಚೆಗೂ ನಿಂತುದುಂಟು. ಈ ಕಾಫಿ ತೋಟಗಳ ಸೀಮೆಯಲ್ಲಿ, ಯಾವುದೋ ಲೈನು ಮನೆಯಲ್ಲಿ, ಕಿವಿ ಕೇಳದ ಮಗುವೊಂದು ಇದ್ದರೆ, ಕಣ್ಣು ಕಾಣದ ಮಗುವೊಂದು ಇದ್ದರೆ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವೊಂದು ಇದ್ದರೆ, ಅದಕ್ಕೆ ಪಾಠ ಹೇಳುವವರು ಯಾರು? ಹಾಗೆ ಹೇಳುವವರನ್ನು ಅಣಿಗೊಳಿಸುವವರು ಯಾರು? ಈ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಅದನ್ನು ಸಂಕ್ಷೇಪವಾಗಿ ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಆಧುನಿಕ ರೀತಿಯ ವಿಶೇಷ ಶಾಲೆಗಳು 19ನೆಯ ಶತಮಾನದ ಕೊನೆಯಲ್ಲಿ ಹುಟ್ಟಿದವು. 1885ರಲ್ಲಿ ಮುಂಬಯಿಯಲ್ಲಿ ಕಿವುಡ ಮಕ್ಕಳಿಗಾಗಿ, 1887ರಲ್ಲಿ ಅಮೃತಸರದಲ್ಲಿ ಅಂಧರಿಗಾಗಿ ಶಾಲೆಗಳಾದವು. ಕನ್ನಡ ನಾಡು ಬಹಳ ಹಿಂದೆ ಬೀಳಲಿಲ್ಲ. 1901ರಲ್ಲಿ ಎಂ. ಶ್ರೀನಿವಾಸರಾಯರು ಮೈಸೂರಿನಲ್ಲಿ ಕಿವುಡರ ಮತ್ತು ಅಂಧರ ಶಾಲೆಯನ್ನು ತೆರೆದರು. ಬ್ರೈಲ್ ಚುಕ್ಕೆಗಳನ್ನು ಕನ್ನಡದ ಅಕ್ಷರಗಳಿಗೆ ಹೊಂದಿಸಿದ ಕೀರ್ತಿಯೂ ಅವರದೇ. ಇಲ್ಲಿ ತಾವು ಒಂದು ವಿಷಯವನ್ನು ಗಮನಿಸಬೇಕು. ಆಗ ಕನ್ನಡದಲ್ಲಿ ಈ ವಿದ್ಯೆಯನ್ನು ಹೇಳಿಕೊಡುವ ತರಬೇತಿ ಕಾಲೇಜೂ ಇರಲಿಲ್ಲ, ಪದವಿಯೂ ಇರಲಿಲ್ಲ. ಶಾಲೆಯೇ ಗುರುವಿಗೂ ಪಾಠಶಾಲೆ. ಮಕ್ಕಳಿಗೆ ಕಲಿಸುತ್ತ ತಾನೂ ಕಲಿಯುವುದೇ ಅಂದಿನ ಶಿಕ್ಷಕನಿಗೆ ಉಳಿದಿದ್ದ ಮಾರ್ಗ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಈ ಸಂದರ್ಭದಲ್ಲಿ ನೆನೆಯದಿರುವುದು ಹೇಗೆ? ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧರು. ಇಂಥ ಗುರುಗಳಿಂದ ಸಂಗೀತ ಕಲಿತ ಅಂಧ ಮಕ್ಕಳು ಮುಂದೆ ತಾವೇ ಸಂಗೀತ ಶಿಕ್ಷಕರಾದರು. ಅಲ್ಲಿ ಪ್ರಮಾಣಪತ್ರ ಮೊದಲಲ್ಲ, ಕಾಯಕ ಮೊದಲು.

ಆದರೆ ಕರುಣೆಯೊಂದೇ ಸಾಲದೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕಿವಿ ಕೇಳದ ಮಗುವಿಗೆ ಚಿಕ್ಕ ವಯಸ್ಸಿನಲ್ಲಿಯೇ ಭಾಷೆ ದೊರೆಯದಿದ್ದರೆ ಆಮೇಲೆ ಆ ನಷ್ಟವನ್ನು ತುಂಬುವುದು ಕಷ್ಟ. ನಿಧಾನವಾಗಿ ಕಲಿಯುವ ಮಗುವಿಗೆ ಅಂಗಿಯ ಗುಂಡಿ ಹಾಕುವುದನ್ನು ಕಲಿಸಬೇಕಾದರೂ ಆ ಕೆಲಸವನ್ನು ಹತ್ತು ಸಣ್ಣ ಹೆಜ್ಜೆಗಳಾಗಿ ಒಡೆದು ತೋರಿಸುವ ಶಾಸ್ತ್ರವಿದೆ. ಇದನ್ನರಿಯದ ಶಿಕ್ಷಕನು ಎಷ್ಟೇ ಸಜ್ಜನನಾದರೂ ಮಗುವಿನ ವರ್ಷಗಳನ್ನು ಹಾಳುಮಾಡಿಯಾನು. ಆದುದರಿಂದಲೇ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1984ರಲ್ಲಿ ಸಿಕಂದರಾಬಾದಿನಲ್ಲಿ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾದವು. ತಜ್ಞರನ್ನೂ ಶಿಕ್ಷಕರನ್ನೂ ಸಿದ್ಧಪಡಿಸುವ ಕಾರ್ಯ ಶಾಸ್ತ್ರೀಯವಾಗಿ ನಡೆಯತೊಡಗಿತು.

ನಿಜವಾದ ಇಕ್ಕಟ್ಟು ಒದಗಿದ್ದು 1992ರಲ್ಲಿ. ಆ ವರ್ಷ ಸಂಸತ್ತು ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯನ್ನು ಅಂಗೀಕರಿಸಿತು. 1993ರಲ್ಲಿ ಪರಿಷತ್ತು ಶಾಸನಬದ್ಧವಾಯಿತು. ಮಾನ್ಯತೆಯುಳ್ಳ ತರಬೇತಿ ಪಡೆದು, ಕೇಂದ್ರದ ದಾಖಲೆ ಪುಸ್ತಕದಲ್ಲಿ ಹೆಸರು ಬರೆಯಿಸಿಕೊಂಡವರೇ ಈ ವೃತ್ತಿಯನ್ನು ನಡೆಸತಕ್ಕದ್ದು. ತಪ್ಪಿದವರಿಗೆ 1 ವರ್ಷದವರೆಗೆ ಸೆರೆವಾಸ, ಇಲ್ಲವೆ 1000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಮಕ್ಕಳ ರಕ್ಷಣೆಗೆ ಈ ನಿಯಮ ಅವಶ್ಯವಾಗಿತ್ತು. ಆದರೆ ಸಣ್ಣ ಊರುಗಳಲ್ಲಿ ವರ್ಷಾನುಗಟ್ಟಲೆ ಇದೇ ಕಾಯಕದಲ್ಲಿ ಸವೆದು, ಯಾವ ಪತ್ರವನ್ನೂ ಪಡೆಯದಿದ್ದವರ ಗತಿಯೇನು? ಅವರನ್ನು ಹೊರಗೆ ಹಾಕಿದರೆ ಶಾಲೆಗೆ ಬೀಗ. ಹಾಗೆಯೇ ಬಿಟ್ಟರೆ ಕಾಯಿದೆಗೆ ಬೆಲೆಯಿಲ್ಲ.

ಇದಕ್ಕೆ ಕಂಡುಕೊಂಡ ಪರಿಹಾರವೇ ವೃತ್ತಿಯಲ್ಲಿರುವಾಗಲೇ ತರಬೇತಿ. ಅದರ ಒಂದು ಮಾದರಿ ಮೊದಲೇ ಇತ್ತು. 1987ರಲ್ಲಿ ಯುನಿಸೆಫ್ ನೆರವಿನಿಂದ ಮಧ್ಯಪ್ರದೇಶ, ತಮಿಳುನಾಡು, ನಾಗಾಲ್ಯಾಂಡ್ ಮೊದಲಾದ ಕಡೆ ನಡೆದ ಸಮನ್ವಿತ ಶಿಕ್ಷಣ ಯೋಜನೆಯಲ್ಲಿ ತರಬೇತಿಗೆ ಮೂರು ಮೆಟ್ಟಿಲುಗಳಿದ್ದವು: ಎಲ್ಲ ಶಿಕ್ಷಕರಿಗೂ ಒಂದು ವಾರ, ಆಯ್ದ ಕೆಲವರಿಗೆ ಆರು ವಾರ, ಇನ್ನೂ ಕೆಲವರಿಗೆ ಒಂದು ವರ್ಷ. ಕಾಯಿದೆಯಾದ ಮೇಲೆ ಪರಿಷತ್ತು ತರಬೇತಿಯಿಲ್ಲದೆ ದುಡಿಯುತ್ತಿದ್ದವರಿಗಾಗಿ ಅಲ್ಪಾವಧಿಯ ಸೇತುಬಂಧ ಶಿಕ್ಷಣವನ್ನು ಏರ್ಪಡಿಸಿತು. ಸಾಮಾನ್ಯ ಶಾಲೆಯ ಶಿಕ್ಷಕರಿಗೆ 90 ದಿನಗಳ ಬುನಾದಿ ತರಬೇತಿ ಬಂದಿತು. ಭೋಪಾಲದ ಭೋಜ ಮುಕ್ತ ವಿಶ್ವವಿದ್ಯಾಲಯದೊಡನೆ ಸೇರಿ ದೂರಶಿಕ್ಷಣದ ಮೂಲಕ ಬಿ.ಎಡ್. ಪದವಿಯನ್ನೂ ನಡೆಸಲಾಯಿತು.

ಇದರ ಬೆಲೆ ಮಲೆನಾಡಿನವರಿಗೆ ಚೆನ್ನಾಗಿ ತಿಳಿಯುತ್ತದೆ. ಹೊರನಾಡಿನಿಂದ ಜಿಲ್ಲಾ ಕೇಂದ್ರವೇ ಸುಮಾರು 100 ಕಿಲೋಮೀಟರು. ಮೈಸೂರು ಇನ್ನೂ ದೂರ. ಕಳಸದ ಸೀಮೆಯ ಶಿಕ್ಷಕಿಯೊಬ್ಬಳು ಎರಡು ವರ್ಷದ ಡಿಪ್ಲೊಮಾಕ್ಕೆಂದು ಊರು ಬಿಟ್ಟಳೆನ್ನಿ. ಅವಳ ಸಂಬಳ ನಿಲ್ಲುತ್ತದೆ, ಮನೆ ಅನಾಥವಾಗುತ್ತದೆ, ಅವಳನ್ನೇ ನಂಬಿದ ಮಕ್ಕಳು ಮತ್ತೆ ಮೂಲೆ ಸೇರುತ್ತಾರೆ. ರಜೆಯಲ್ಲಿ ಕಲಿತುದನ್ನು ಶಾಲೆ ತೆರೆದೊಡನೆ ಅದೇ ಮಕ್ಕಳ ಮೇಲೆ ಪ್ರಯೋಗಿಸಿ, ತಪ್ಪಿದುದನ್ನು ಮುಂದಿನ ಶಿಬಿರದಲ್ಲಿ ಕೇಳಿ ತಿದ್ದಿಕೊಳ್ಳುವ ಅವಕಾಶವು ಕಾಯಂ ವಿದ್ಯಾರ್ಥಿಗೂ ದುರ್ಲಭ.

ಹಾಗೆಂದು 90 ದಿನಗಳನ್ನು ಎರಡು ವರ್ಷಕ್ಕೆ ಸಮವೆಂದು ಬಗೆಯುವುದು ಆತ್ಮವಂಚನೆ. ಅದು ಹೊಸ್ತಿಲೇ ಹೊರತು ಗರ್ಭಗುಡಿಯಲ್ಲ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕನಿರಬೇಕೆಂದು ಹೇಳಿತು. ಸಾಮಾನ್ಯ ಶಾಲೆಯ ಉಳಿದ ಶಿಕ್ಷಕರಿಗೂ ತರಬೇತಿ ಬೇಕೆಂದಿತು. 2025ರಲ್ಲಿ, ಗುತ್ತಿಗೆಯ ಮೇಲೆ ಬಹುಕಾಲದಿಂದ ದುಡಿಯುತ್ತಿರುವ ವಿಶೇಷ ಶಿಕ್ಷಕರ ಅರ್ಹತೆಯನ್ನು ಸಮಿತಿಗಳ ಮೂಲಕ ಪರಿಶೀಲಿಸಿ ಕಾಯಂ ಮಾಡುವ ದಾರಿಯನ್ನು ರಾಜ್ಯಗಳಿಗೆ ತೋರಿಸಿತು. ದುಡಿದವರ ಅನುಭವಕ್ಕೂ ಮಗುವಿನ ಹಕ್ಕಿಗೂ ಒಟ್ಟಿಗೆ ನ್ಯಾಯ ದೊರೆಯಬೇಕೆಂಬುದೇ ಇದರ ತಾತ್ಪರ್ಯ.

ಭಕ್ತಬಾಂಧವರೇ, ಹೊರನಾಡಿನಲ್ಲಿ ಬಂದವರಿಗೆಲ್ಲ ಅನ್ನವುಂಟು. ಆದರೆ ನಡೆದು ಬರಲಾರದ ಮಗುವಿಗೆ ಅಕ್ಷರವು ತಾನೇ ನಡೆದು ಹೋಗಬೇಕು. ಅದನ್ನು ಹೊತ್ತೊಯ್ಯುವವರು ಶಿಕ್ಷಕರು. ನಿಮ್ಮಲ್ಲಿ ಶಾಲೆ ನಡೆಸುವವರಿದ್ದೀರಿ, ತೋಟದ ಯಜಮಾನರಿದ್ದೀರಿ. ಶಿಬಿರಕ್ಕೆ ಹೊರಟ ಶಿಕ್ಷಕಿಯ ಸಂಬಳ ಕಡಿಯಬೇಡಿ. ಅವಳಿಗೆ ಉಳಿಯಲು ಒಂದು ಕೋಣೆ, ಊಟಕ್ಕೆ ಒಂದು ಎಲೆ ಒದಗಿಸಿರಿ. ಅವಳು ಪರೀಕ್ಷೆ ಮುಗಿಸಿ ತನ್ನ ಮಕ್ಕಳ ಬಳಿಗೇ ಮರಳುವಂತೆ ನೋಡಿಕೊಳ್ಳಿರಿ. ಇದೂ ದಾಸೋಹವೇ.