ಒಣ ಎಲೆ, ಬಿಸಿನೀರು



ಸ್ವಲ್ಪ ಉದ್ದದ ಬರಹ. ಒಂದು ಲೋಟ ಟೀ ಇಟ್ಕೊಂಡು ಓದಿ.

ನನ್ನ ಆಫೀಸಿನ ಮೇಜಿನ ಕೆಳಗಿನ ಡ್ರಾಯರ್‌ನಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬ ಇದೆ. ಸದ್ಯಕ್ಕೆ ಅದರಲ್ಲಿ 11 ಥರದ ಟೀ ಇವೆ. ನೀಲಗಿರಿಯ ಎಲೆ, ದಾಲ್ಚಿನ್ನಿ ಬೆರೆಸಿದ ಸಿಲೋನ್ ಟೀ, ಮಲ್ಲಿಗೆಯ ಘಮ ಹಿಡಿದ ಗ್ರೀನ್ ಟೀ, ಒಣ ದಾಸವಾಳ, ತುಳಸಿ, ಅವ್ವ ಊರಿಂದ ಕಳಿಸಿದ ಮಜ್ಜಿಗೆಹುಲ್ಲು, ತಂಗಡಿ ಹೂವು, ಹೀಗೆ. ಸಭೆ, ಸಮಾವೇಶ ಅಂತ ಎಲ್ಲಿಗೆ ಹೋದರೂ ಅಲ್ಲಿಂದ 50 ಗ್ರಾಂ ತರೋದು, ಕುದಿಸಿ ರುಚಿ ನೋಡೋದು, ಚಿಕ್ಕ ಪೊಟ್ಟಣ ಕಟ್ಟಿ ಗೆಳೆಯರಿಗೆ ಹಂಚೋದು. ಬೇರೆ ದುಬಾರಿ ಚಟ ಯಾವುದೂ ಇಲ್ಲ.

ಮೊನ್ನೆ ಒಬ್ಬ ಸಂಗಾತಿ ನಗ್ತಾ ಕೇಳಿದ್ರು: "ಅಣ್ಣಾ, ಹೋರಾಟದವರಿಗೆ ಈ ಶೋಕಿ ಯಾಕೆ?" ನಾನೂ ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ತಲೆಯಲ್ಲೇ ಉಳೀತು. ಅದಕ್ಕೆ ಉತ್ತರ ಬರೀತಿದ್ದೀನಿ.

ಮಧ್ಯಾಹ್ನ ಮೂರೂವರೆಗೆ ನಾನು ಕೆಟಲ್ ಹಚ್ತೀನಿ. ನಮ್ಮ ವಿಭಾಗದಲ್ಲಿ ಆರು ಜನ. ಆರು ಕಪ್ಪು ಇಡ್ತೀನಿ. ಐದು ಖಾಲಿಯಾಗ್ತವೆ. ಆರನೆಯವರು ಹಿರಿಯರು, ಮಾತು ಮೃದು, ನನ್ನ ಜೊತೆ ಯಾವತ್ತೂ ಜಗಳ ಆಡಿದವರಲ್ಲ. "ನನಗೆ ಅಸಿಡಿಟಿ ಕಣಪ್ಪ" ಅಂತಾರೆ. ನಾಲ್ಕು ಗಂಟೆಗೆ ಹೊರಗೆ ಹೋಗಿ ಗೂಡಂಗಡಿಯಲ್ಲಿ ಟೀ ಕುಡಿದು ಬರ್ತಾರೆ. ಅದೂ ಹೋಗಲಿ. ತಂಗಡಿ ಹೂವಿನ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಯಾರೋ ಹೇಳಿದ್ದಕ್ಕೆ, ನನ್ನ ಹತ್ರ ಇದೆ ಅಂತ ಗೊತ್ತಾಗಿ, ಒಂದು ಪೊಟ್ಟಣ ಕೇಳಿ ಮನೆಗೆ ತಗೊಂಡು ಹೋದರು. ಆಮೇಲೆ ಇನ್ನೊಂದು ಸಲ ಕೇಳಿದರು.

ಅಂದರೆ ನನ್ನ ಕೈಯಿಂದ ಒಣ ಹೂವು ಆಗುತ್ತೆ. ಅದೇ ಹೂವಿಗೆ ನಾನು ನೀರು ಹಾಕಿ ಕುದಿಸಿಕೊಟ್ಟರೆ ಆಗಲ್ಲ.

ಇದು ಹೊಸದೇನಲ್ಲ. ನಮ್ಮವರು ಬಡಿದು, ತೂರಿ, ಚೀಲಕ್ಕೆ ತುಂಬಿದ ರಾಗಿ ಗೌಡರ ಹಗೇವಿಗೆ ಹೋಗುತ್ತೆ, ನಮ್ಮ ಮನೆಯಲ್ಲಿ ತಿರುವಿದ ಮುದ್ದೆ ಅವರ ತಟ್ಟೆಗೆ ಹೋಗಲ್ಲ. ಒಣಗಿದ್ದಕ್ಕೆ ಮೈಲಿಗೆ ಇಲ್ಲ, ನೀರು ಬಿದ್ದಿದ್ದಕ್ಕೆ ಇದೆ. ಟೀ ಚರಿತ್ರೆಯನ್ನ ಈ ಒಂದು ಸೂತ್ರ ಹಿಡಿದು ಓದಿ ನೋಡಿ, ಬಹಳ ವಿಷಯ ಬಿಚ್ಚಿಕೊಳ್ಳುತ್ತೆ.

ಮೊದಲು ನನ್ನೂರಿನ ಮಾತು. ನಾನು ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ ಇದ್ದಾಗ ಅಪ್ಪನ ಜೊತೆ ಸಂತೆಗೆ ಹೋಗ್ತಿದ್ದೆ. ಹೋಟೆಲಿನ ಒಳಗೆ ಬೆಂಚು, ಗಾಜಿನ ಲೋಟ. ಹೊರಗೆ ಗೋಡೆಯ ಗೂಡಲ್ಲಿ ಸೊಟ್ಟಗಾದ ಎರಡು ಅಲ್ಯುಮಿನಿಯಂ ಲೋಟ. ಅಪ್ಪ ಅದನ್ನ ತಾನೇ ತೊಳೆದು ಚಾಚ್ತಿದ್ದರು, ಅವರು ಮೇಲಿಂದ ಟೀ ಹುಯ್ಯುತ್ತಿದ್ದರು. ಕುಡಿದ ಮೇಲೆ ಮತ್ತೆ ತೊಳೆದು ಗೂಡಿಗೆ. ಕಾಸು ಮಾತ್ರ ಒಳಗಿನವರಿಗೂ ಹೊರಗಿನವರಿಗೂ ಒಂದೇ. ಆ ಟೀ ರುಚಿ ಹೇಗಿತ್ತು ಅಂತ ಎಷ್ಟು ಯೋಚಿಸಿದರೂ ನೆನಪಾಗಲ್ಲ. ಲೋಟದ ಸೊಟ್ಟ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಟೀ ಅನ್ನೋದು ನಮ್ಮ ಹಳ್ಳಿಗಳಿಗೆ ಬಂದು ನೂರು ವರ್ಷವೂ ಸರಿಯಾಗಿ ಆಗಿರಲಿಲ್ಲ. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ವ್ಯಾಪಾರಿಗೆ ಅಸ್ಸಾಮಿನ ಸಿಂಗ್‌ಫೋ ಬುಡಕಟ್ಟಿನವರಿಂದ ಅಲ್ಲಿನ ಕಾಡುಗಿಡದ ಸುದ್ದಿ ಸಿಕ್ಕಿತು. ಸಿಂಗ್‌ಫೋ ಜನ ಆ ಎಲೆಯನ್ನ ಮೊದಲಿನಿಂದಲೂ ಬಳಸ್ತಿದ್ದರು. 1839ರ ಜನವರಿಯಲ್ಲಿ ಅಸ್ಸಾಂ ಟೀ ಲಂಡನ್ನಿನಲ್ಲಿ ಹರಾಜಾಯಿತು, ಅದೇ ವರ್ಷ ಅಸ್ಸಾಂ ಕಂಪನಿ ಹುಟ್ಟಿತು. ಆಮೇಲೆ ದಶಕಗಳ ಕಾಲ ಇಲ್ಲಿ ಬೆಳೆದದ್ದು ಹೆಚ್ಚಾಗಿ ಹಡಗು ಹತ್ತಿ ಹೋಗ್ತಿತ್ತು. ಇಲ್ಲಿನ ಜನಕ್ಕೆ ಅದರ ರುಚಿ ಹತ್ತಿಸಿದ್ದು ತೋಟದ ಮಾಲೀಕರೇ. 1903ರಲ್ಲಿ ಟೀ ಸೆಸ್ ಕಾಯ್ದೆ ಬಂತು. ರಫ್ತಿನ ಮೇಲೆ ಎತ್ತಿದ ಆ ದುಡ್ಡು ಟೀ ಪ್ರಚಾರಕ್ಕೆ ಹೋಯಿತು. ಗಿರಣಿ, ಗಣಿ, ರೈಲ್ವೆ ಸ್ಟೇಷನ್ನು, ಸಂತೆ ಎಲ್ಲ ಕಡೆ ಪ್ರಚಾರಕರು ನಿಂತು, ಟೀ ಕಾಸೋದು ಹೇಗೆ ಅಂತ ತೋರಿಸಿ, ಪುಕ್ಕಟೆ ಕುಡಿಸಿ, ಕಾಸಿಗೊಂದು ಪೊಟ್ಟಣ ಮಾರಿದರು. ನಾನು ಈಗ ಹವ್ಯಾಸ ಅಂತ ಪೊಟ್ಟಣ ಹಂಚ್ತೀನಲ್ಲ, ಅದನ್ನ ಕಂಪನಿಗಳು ವ್ಯಾಪಾರ ಅಂತ ಎಷ್ಟೋ ಮೊದಲೇ ಮಾಡಿ ಮುಗಿಸಿದ್ದವು.

ಜನ ಏನು ಮಾಡಿದರು? ಎಲೆ ಕಡಿಮೆ ಮಾಡಿ ಹಾಲು, ಬೆಲ್ಲ, ಶುಂಠಿ, ಏಲಕ್ಕಿ ಜಾಸ್ತಿ ಹಾಕಿದರು. ಎಲೆ ಕಮ್ಮಿ ಖರ್ಚಾಗುತ್ತೆ ಅಂತ ಕಂಪನಿಯವರಿಗೆ ಅದು ಹಿಡಿಸಲಿಲ್ಲ. ಇವತ್ತು ಮಾಲ್‌ಗಳಲ್ಲಿ ಫ್ಲೇವರ್ ಟೀ ಅಂತ ಮಾರೋದರ ಅಜ್ಜಿ ಈ ಬಡವರ ಮಸಾಲೆ ಟೀ.

ಜನ ಇನ್ನೊಂದು ಕೆಲಸವನ್ನೂ ಮಾಡಿದರು. ಮನುಸ್ಮೃತಿಯಲ್ಲಿ ಟೀ ಇಲ್ಲ. ಯಾವ ಶಾಸ್ತ್ರದಲ್ಲೂ ಇಲ್ಲ. ಇಷ್ಟು ಹೊಸ ಪಾನೀಯಕ್ಕೆ ಜಾತಿ ಇರಬಾರದಿತ್ತು. ಆದರೆ ಟೀ ಬಂದ ದಾರಿಯಲ್ಲೇ ಜಾತಿಯೂ ಬಂತು. ಸ್ಟೇಷನ್ನುಗಳಲ್ಲಿ ಹಿಂದೂ ಟೀ ಬೇರೆ, ಮುಸ್ಲಿಂ ಟೀ ಬೇರೆ ಅಂತ ಕೂಗಿ ಮಾರಿದರು. ಹಳ್ಳಿ ಹೋಟೆಲಿನಲ್ಲಿ ನಮಗೆ ತೆಂಗಿನ ಚಿಪ್ಪು, ಆಮೇಲೆ ಬೇರೆ ಲೋಟ. ಜಾತಿ ಉಳಿಯೋಕೆ ಗ್ರಂಥವೇ ಬೇಕು ಅಂತಿಲ್ಲ, ಗೋಡೆಯಲ್ಲಿ ಒಂದು ಗೂಡಿದ್ದರೆ ಸಾಕು.

1950ರಲ್ಲಿ ಬಾಬಾಸಾಹೇಬರ ಸಂವಿಧಾನ ಜಾರಿಗೆ ಬಂತು. 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿತು. 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು ಅಂತ ಹೆಸರು ಹಿಡಿದೇ ಬರೆದಿದೆ, ಜಾತಿ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ ಅಂತ. 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ. ನಾನು ಅಲ್ಯುಮಿನಿಯಂ ಲೋಟ ನೋಡಿದ್ದು ಸಂವಿಧಾನ ಬಂದು ಮೂವತ್ತೈದು ವರ್ಷ ಕಳೆದ ಮೇಲೆ. ಆ ಗೂಡು ಖಾಲಿಯಾಗೋಕೆ ನಮ್ಮ ಸಂಘಟನೆಯವರು ಹೋಟೆಲಿನೊಳಗೆ ಹೋಗಿ ಕೂರಬೇಕಾಯಿತು, ಏಟು ತಿನ್ನಬೇಕಾಯಿತು, ಬಹಿಷ್ಕಾರ ಎದುರಿಸಬೇಕಾಯಿತು. ಈಗ ಪೇಪರ್ ಕಪ್ಪು ಬಂದಿದೆ. ಎಷ್ಟೋ ಕಡೆ ಎಲ್ಲರಿಗೂ ಅದೇ, ಒಳ್ಳೇದಾಯಿತು. ಕೆಲವು ಕಡೆ ಮಾತ್ರ ಅವರಿಗೆ ಗಾಜಿನ ಲೋಟ, ನಮಗೆ ಪೇಪರ್ ಕಪ್ಪು. ಕೇಳಿದರೆ "ಕ್ಲೀನ್ ಅಲ್ವಾ ಸಾರ್" ಅಂತಾರೆ.

ಈಗ ನೀರಿನಿಂದ ಒಣ ಎಲೆಗೆ ಬನ್ನಿ. ಡಬ್ಬದಲ್ಲಿರೋ ಸಿಲೋನ್ ಟೀ ಯಾರ ಕೈ ದಾಟಿ ಬಂತು?

ಸಿಲೋನಿನ ಬೆಟ್ಟಗಳಲ್ಲಿ ಮೊದಲು ಕಾಫಿ ಇತ್ತು. 1867ರಲ್ಲಿ ಜೇಮ್ಸ್ ಟೇಲರ್ ಎಂಬಾತ ಲೂಲ್‌ಕಂಡೇರ ತೋಟದ 19 ಎಕರೆಯಲ್ಲಿ ಟೀ ಹಾಕಿದ. 1869ರಿಂದ ಕಾಫಿಗೆ ಎಲೆತುಕ್ಕು ರೋಗ ಬಿದ್ದು ತೋಟಗಳು ನಾಶವಾದವು, ಆ ಜಾಗಕ್ಕೆಲ್ಲ ಟೀ ಬಂತು. ದುಡಿಯೋಕೆ ಹೋದವರು ಮದ್ರಾಸ್ ಪ್ರಾಂತದ ತಮಿಳು ಕೂಲಿಗಳು. ಅವರಲ್ಲಿ ಬಹುಪಾಲು ಪರೆಯರ್, ಪಳ್ಳರ್, ಚಕ್ಕಿಲಿಯರ್, ಅಂದರೆ ನಮ್ಮವರೇ. ಕಾಫಿ ಕಾಲದಲ್ಲಿ ಸಮುದ್ರ ದಾಟಿ, ಕಾಡುದಾರಿ ಹಿಡಿದು ನಡೆದು ಹೋಗ್ತಾ ಕಾಲರಾಕ್ಕೆ, ಹಸಿವಿಗೆ ದಾರಿಯಲ್ಲೇ ಸತ್ತವರು ಬಹಳ. ಅವರನ್ನ ಕರ್ಕೊಂಡು ಹೋಗ್ತಿದ್ದವನು ಕಂಗಾಣಿ. ಮುಂಗಡ ಕೊಟ್ಟು ಸಾಲದಲ್ಲಿ ಸಿಕ್ಕಿಸ್ತಿದ್ದ. ಬೆಟ್ಟದ ಮೇಲೆ ಸಾಲಾಗಿ ಕಟ್ಟಿದ ಲೈನ್ ಮನೆ, ಒಂದೊಂದು ಸಂಸಾರಕ್ಕೆ ಒಂದೊಂದು ಕೋಣೆ. ಮೂರು ತಲೆಮಾರು ಅಲ್ಲೇ ಎಲೆ ಕಿತ್ತರು.

1948ರಲ್ಲಿ ಸ್ವತಂತ್ರ ಸಿಲೋನ್ ಪೌರತ್ವ ಕಾಯ್ದೆ ತಂದು, ಈ ಜನರಲ್ಲಿ ಹೆಚ್ಚಿನವರನ್ನ ಯಾವ ದೇಶದವರೂ ಅಲ್ಲ ಅಂತ ಮಾಡಿತು. 1964ರ ಅಕ್ಟೋಬರ್‌ನಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಒಪ್ಪಂದ ಮಾಡಿಕೊಂಡರು. 5,25,000 ಜನ ಇಂಡಿಯಾಕ್ಕೆ, 3,00,000 ಜನ ಸಿಲೋನಿಗೆ, ಉಳಿದವರನ್ನ ಆಮೇಲೆ ನೋಡೋಣ ಅಂತ. ದನ ಹಂಚಿಕೊಂಡ ಹಾಗೆ. ಹಾಗೆ ವಾಪಸು ಬಂದವರಲ್ಲಿ ಒಂದಷ್ಟು ಕುಟುಂಬಗಳು ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಿಗೆ ಬಂದವು. ಎಲೆ ಕೀಳ್ತಿದ್ದ ಕೈ ರಬ್ಬರ್ ಮರ ಗೀರೋಕೆ ಕಲೀತು. ಇಲ್ಲಿ ಅವರು ಜಾತಿ ಪ್ರಮಾಣಪತ್ರಕ್ಕೂ ಅಲೆಯಬೇಕಾಯಿತು. ನಾನು ಗುಮಾಸ್ತ, ಒಂದು ಕಾಗದಕ್ಕಾಗಿ ಕಿಟಕಿ ಮುಂದೆ ನಿಲ್ಲೋದು ಅಂದರೇನು ಅಂತ ಕಿಟಕಿಯ ಈಚೆ ಕೂತು ದಿನಾ ನೋಡ್ತೀನಿ.

ಮುನ್ನಾರ್ ನೆನಪಿದೆಯಲ್ಲ? 2015ರ ಸೆಪ್ಟೆಂಬರ್‌ನಲ್ಲಿ ಎಲೆ ಕೀಳೋ ಹೆಣ್ಣುಮಕ್ಕಳು ರಸ್ತೆಗೆ ಇಳಿದರು. ಪೆಂಬಿಳೈ ಒರುಮೈ ಅಂದರೆ ಹೆಂಗಸರ ಒಗ್ಗಟ್ಟು. ಹೆಚ್ಚಿನವರು ತಮಿಳು ದಲಿತರು. ಆಗ ದಿನಗೂಲಿ 232 ರೂಪಾಯಿ. ಕಂಪನಿಯನ್ನಷ್ಟೇ ಅಲ್ಲ, ಗಂಡಸರು ನಡೆಸ್ತಿದ್ದ ಯೂನಿಯನ್ನುಗಳನ್ನೂ ದೂರ ಇಟ್ಟು ಹೋರಾಡಿ ಬೋನಸ್ ತಗೊಂಡರು, ಆಮೇಲೆ ಕೂಲಿ 301ಕ್ಕೆ ಏರಿತು. ಕೇಳಿದ್ದು 500.

ಈಗ ಹೇಳಿ. ಈ ಹೆಂಗಸರ ಬೆರಳು ತಾಗದ ಎಲೆ ಆ ಬೆಟ್ಟದಿಂದ ಇಳಿಯುತ್ತಾ? ಆ ಎಲೆ ಯಾವ ಮಡಿಯ ಮನೆಗೂ ಹೋಗುತ್ತೆ. ಕಿತ್ತ ಹೆಂಗಸು ಅದೇ ಮನೆಯಲ್ಲಿ ಅದನ್ನ ಕುದಿಸಿಕೊಟ್ಟರೆ?

ಕೊನೆಗೆ ತಂಗಡಿ ಹೂವು. ಆವರಿಕೆ ಅಂತಲೂ ಕರೀತಾರೆ, ಬೇಲಿಬದಿಯ ಹಳದಿ ಹೂವು. ಈಗ ಗಿಡಮೂಲಿಕೆ ಟೀ ಅಂತ ಚೆಂದದ ಡಬ್ಬಿಯಲ್ಲಿ ಬರುತ್ತೆ. ನಮ್ಮ ತಾತನಿಗೆ ಆ ಗಿಡದ ಹೂವಿಗಿಂತ ತೊಗಟೆ ಮುಖ್ಯವಾಗಿತ್ತು. ತೊಗಟೆ ನೆನೆಸಿದ ಗುಂಡಿಯಲ್ಲಿ ತೊಗಲು ಹದ ಮಾಡ್ತಿದ್ದರು. ಅದರಲ್ಲಿರೋ ಒಗರಿನ ಅಂಶಕ್ಕೆ ಟ್ಯಾನಿನ್ ಅಂತಾರೆ. ಇಂಗ್ಲಿಷಿನಲ್ಲಿ ಆ ಹೆಸರು ಬಂದಿದ್ದೇ ಚರ್ಮ ಹದ ಮಾಡೋ ಕಸುಬಿನಿಂದ. ಟೀ ಕುಡಿದಾಗ ನಾಲಿಗೆ ಹಿಡಿದ ಹಾಗಾಗುತ್ತಲ್ಲ, ಆ ಒಗರನ್ನೂ ಜನ ಟ್ಯಾನಿನ್ ಅಂತಲೇ ಕರೀತಾರೆ. ಯಾವ ಗಿಡದ ನೀರಲ್ಲಿ ಕೈ ಅದ್ದಿದ್ದಕ್ಕೆ ನಮ್ಮ ತಾತ ಊರಾಚೆ ಇದ್ದರೋ, ಅದೇ ಗಿಡದ ಹೂವು ಇವತ್ತು ಆರೋಗ್ಯ ಅಂತ ಊರೊಳಗೆ ಮಾರಾಟವಾಗುತ್ತೆ. ದಕ್ಷಿಣ ಆಫ್ರಿಕಾದಲ್ಲಿ ರೂಯ್‌ಬೋಸ್ ಅನ್ನೋ ಕೆಂಪು ಗಿಡದ ಟೀ ಇದೆ. ಅದರ ಜ್ಞಾನ ಖೋಯ್ ಮತ್ತು ಸಾನ್ ಜನರದ್ದು ಅಂತ ಒಪ್ಪಿ, 2019ರಲ್ಲಿ ತೋಟದ ಬೆಲೆಯ ಶೇ. 1.5ರಷ್ಟನ್ನ ಅವರಿಗೆ ಕೊಡೋ ಒಪ್ಪಂದ ಆಯಿತು. ತಂಗಡಿ ಗಿಡವನ್ನ ಬುಡದಿಂದ ಬಲ್ಲವರಿಗೆ ಇಲ್ಲಿ ಸಿಕ್ಕಿದ್ದು ಮೈಲಿಗೆಯ ಹೆಸರು ಮಾತ್ರ.

ಸಂಗಾತಿಯ ಪ್ರಶ್ನೆಗೆ ಬರ್ತೀನಿ. 1923ರಲ್ಲೇ ಬಾಂಬೆ ಶಾಸನಸಭೆ ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿತ್ತು. ಮಹಾಡಿನ ಪುರಸಭೆಯೂ ಒಪ್ಪಿತ್ತು. ಆದರೂ ನೀರು ಮುಟ್ಟೋಕೆ ಬಿಡಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಸವರ್ಣರು ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆ ಶುದ್ಧ ಮಾಡಿದರು. ಅವತ್ತು ಬಾಯಾರಿಕೆಗೆ ಯಾರೂ ಕುಡಿಯಲಿಲ್ಲ. ಒಟ್ಟಿಗೆ ಕುಡಿಯೋ ಹಕ್ಕಿಗೆ ಕುಡಿದರು.

ನನ್ನದು ಅಷ್ಟು ದೊಡ್ಡ ಕೆಲಸವಲ್ಲ. ಆದರೆ ರುಚಿ ನೋಡಿ, ಕುದಿಸಿ, ನನ್ನ ಕೈಯಾರೆ ಕಪ್ಪಿಗೆ ಹುಯ್ದು ಎದುರಿಗಿಡೋದು ನನಗೆ ಶೋಕಿ ಮಾತ್ರ ಅಲ್ಲ. ಅಪ್ಪ ಲೋಟ ಚಾಚಿ ನಿಂತಿದ್ದರು. ನಾನು ಕೂತು ಹುಯ್ತೀನಿ. ಪೊಟ್ಟಣ ಕೊಡೋದು ಸುಲಭ, ಯಾರು ಬೇಕಾದರೂ ತಗೊಳ್ತಾರೆ. ಕಪ್ಪು ತಗೊಳ್ಳೋರು ಯಾರು ಅನ್ನೋದು ಬೇರೆ ಲೆಕ್ಕ.

ಹೋದ ತಿಂಗಳು ಅವ್ವ ಬಂದಿದ್ದಾಗ ಮಲ್ಲಿಗೆ ಟೀ ಕೊಟ್ಟೆ. ಒಂದು ಗುಟುಕು ಕುಡಿದು, "ಹೂ ಮುಡ್ಕಂಡ್ರೆ ಚೆಂದ, ಕುಡಿಯಕ್ಕೇನು" ಅಂದು, ಮಜ್ಜಿಗೆಹುಲ್ಲಿಗೆ ಬೆಲ್ಲ ಹಾಕಿಸಿಕೊಂಡು ಎರಡು ಲೋಟ ಕುಡಿದಳು. ಕುಡಿದು ಲೋಟ ತೊಳೆಯೋಕೆ ಎದ್ದಳು. ಹೊರಗೆ ಎಲ್ಲಿ ಕುಡಿದರೂ ತಾನೇ ತೊಳೆದಿಟ್ಟ ಅಭ್ಯಾಸ. ನನ್ನ ಮಗಳು ಕೈಯಿಂದ ಲೋಟ ಕಿತ್ಕೊಂಡು, "ಅಜ್ಜಿ ಕೂತ್ಕೋ" ಅಂದಳು.

ಆಫೀಸಿನಲ್ಲಿ ಇವತ್ತೂ ಆರು ಕಪ್ಪು ಇಟ್ಟಿದ್ದೆ. ಆರನೆಯದು ಆರಿ ಹೋಯಿತು. ನಾಳೆಯೂ ಆರೇ ಇಡ್ತೀನಿ.

ನಿಮ್ಮೂರಿನ ಗೂಡಿನ ಲೋಟ ಯಾವಾಗ ಹೋಯಿತು, ಯಾರು ತೆಗೆಸಿದರು, ಬರೀರಿ. ಅದು ನಮ್ಮ ಚರಿತ್ರೆ, ನಾವೇ ಬರೆದಿಡಬೇಕು.

ಜೈಭೀಮ್.