ಚಂದ್ರಗುತ್ತಿಯ ಚಳಿಗಾಲದ ಚಿತ್ರ: ಓದುವ ಬಗೆ

ಸೊರಬ ತಾಲ್ಲೂಕಿನ ಚಂದ್ರಗುತ್ತಿ ಬೆಟ್ಟದ ಡಿಸೆಂಬರ್ ಬೆಳಗಿನ ಚಿತ್ರದಲ್ಲಿ ಬೆಳ್ಳಗೆ ಕಾಣುವುದು ಹಿಮವಲ್ಲ, ಮಂಜು. ಶುಭ್ರ ಆಕಾಶದ ರಾತ್ರಿ ನೆಲ ಬೇಗ ತಣಿಯುತ್ತದೆ. ಭಾರವಾದ ತಂಪುಗಾಳಿ ತಗ್ಗಿಗಿಳಿದು, ಕೆರೆ-ಗದ್ದೆಗಳ ತೇವ ಹನಿಗಟ್ಟುತ್ತದೆ. ಹೀಗಾಗಿ ತಪ್ಪಲು ಮುಚ್ಚಿದ್ದರೂ ಬೆಟ್ಟದ ನೆತ್ತಿ ತಿಳಿಯಾಗಿರುತ್ತದೆ.

ಮೊದಲು ನೋಡಬೇಕಾದದ್ದು ಗದ್ದೆ. ಕೊಯ್ದ ಭತ್ತದ ಕೂಳೆ, ಪಕ್ಕದಲ್ಲಿ ಹುಲ್ಲಿನ ಬಣವೆ, ಜೇಡರ ಬಲೆಯ ಮೇಲೆ ಇಬ್ಬನಿ ಕಂಡರೆ ಅದು ಚಳಿಗಾಲವೇ. ಎಳೆಯ ಪೈರಿದ್ದರೆ ಮಳೆಗಾಲದ ಮೋಡವಿರಬಹುದು.

ದೂರದ ಚಿತ್ರಕ್ಕೆ ಸಿಗದ ಸಂಗತಿಯೇ ಇಲ್ಲಿ ದೊಡ್ಡದು: ಬೆಟ್ಟದ ಗುಹೆಯಲ್ಲಿ ರೇಣುಕಾಂಬೆಯ ಗುಡಿಯಿದೆ. ಭಕ್ತರಿಗೆ ಇದು ಬರೀ ನೋಟವಲ್ಲ, ತಾಯಿಯ ಮನೆ.

ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಮಂಜಿನ ನಡುವೆ ಎದ್ದು ಕಾಣುವುದು ಕೇದಾರೇಶ್ವರ ದೇಗುಲದ ಶಿಖರ, ಗಂಡಭೇರುಂಡ ಸ್ತಂಭ. ಬಿಸಿಲೇರಿದಂತೆ ಎರಡೂ ಕಡೆ ಮಂಜು ಕರಗುತ್ತದೆ.