ಪೆಂಡಲ್ಟನ್ ಪಟ್ಟಣದ ರೌಂಡಪ್ ಉತ್ಸವ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವಾಯವ್ಯ ಮೂಲೆಯಲ್ಲಿ ಆರೆಗನ್ ಎಂಬ ರಾಜ್ಯವುಂಟು. ಅದರ ಪೂರ್ವಭಾಗದಲ್ಲಿ, ನೀಲಪರ್ವತಗಳೆಂದು ಕರೆಯುವ ಬೆಟ್ಟಸಾಲಿನ ತಪ್ಪಲಿನಲ್ಲಿ, ಯುಮಟಿಲ್ಲಾ ನದಿಯ ದಡದ ಮೇಲೆ ಪೆಂಡಲ್ಟನ್ ಎಂಬ ಪಟ್ಟಣವಿದೆ. ಸುತ್ತಲೂ ಗೋದಿಯ ಹೊಲಗಳು, ಅದರಾಚೆ ಹುಲ್ಲುಗಾವಲು. ವರ್ಷದ ಐವತ್ತೊಂದು ವಾರ ಇದು ತನ್ನ ಪಾಡಿಗೆ ತಾನಿರುವ ಸಣ್ಣ ಊರು. ಸೆಪ್ಟೆಂಬರಿನ ಒಂದು ವಾರ ಮಾತ್ರ ಹತ್ತಾರು ಸಾವಿರ ಜನ ಅಲ್ಲಿಗೆ ಬಂದು ಸೇರುತ್ತಾರೆ. ಅದೇ ಪೆಂಡಲ್ಟನ್ನಿನ ‘ರೌಂಡಪ್’. ಒಂದು ಶತಮಾನವನ್ನು ದಾಟಿ ಬಂದಿರುವ ಈ ಉತ್ಸವದ ಚರಿತ್ರೆಯಲ್ಲಿ ಕುದುರೆಗಳ ನೆಗೆತ, ಹೋರಿಗಳ ಓಟಗಳಿಗಿಂತ ಹೆಚ್ಚಿನದೂ ಕೆಲವು ಇವೆ. ಅವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರುಗಳ ವಿಚಾರ. ಇಂಥ ಉತ್ಸವಗಳಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ‘ರೋಡಿಯೋ’ ಎಂಬ ಹೆಸರು ರೂಢಿ. ಅದು ಸ್ಪ್ಯಾನಿಷ್ ಮಾತು. ಸುತ್ತುವರಿ ಎಂಬರ್ಥದ ಧಾತುವಿನಿಂದ ಬಂದದ್ದು. ಬಯಲಿನಲ್ಲಿ ಚದರಿ ಮೇಯುವ ದನಗಳನ್ನು ಸುತ್ತುಗಟ್ಟಿ ಒಂದೆಡೆ ಕೂಡಿಹಾಕುವ ಕೆಲಸವೇ ರೋಡಿಯೋ; ‘ರೌಂಡಪ್’ ಎಂಬ ಇಂಗ್ಲಿಷ್ ಮಾತಿಗೂ ಅದೇ ಅರ್ಥ. ಸ್ಪೇನಿನವರು ಕುದುರೆಯನ್ನೂ ದನವನ್ನೂ ಮೆಕ್ಸಿಕೋ ದೇಶಕ್ಕೆ ತಂದರು. ದನ ಕಾಯುವ ವಿದ್ಯೆ ಅಲ್ಲಿಂದ ಉತ್ತರಕ್ಕೆ ಹಬ್ಬಿತು. ಸ್ಪ್ಯಾನಿಷಿನಲ್ಲಿ ಹಸುವಿಗೆ ‘ವಾಕಾ’ ಎನ್ನುತ್ತಾರೆ. ಅದನ್ನು ಕಾಯುವವನು ‘ವಾಕೇರೋ’, ಎಂದರೆ ನಮ್ಮ ಗೋವಳ. ಈ ವಾಕೇರೋ ಇಂಗ್ಲಿಷ್ ಆಡುವವರ ಬಾಯಿಗೆ ಬಿದ್ದು ‘ಬಕರೂ’ ಎಂದಾಯಿತು. ಆರೆಗನ್ನಿನ ಬಯಲುಗಳಲ್ಲಿ ಇಂದಿಗೂ ಆ ಮಾತು ನಡೆಯುತ್ತದೆ. ‘ವನ’ ಎಂಬುದು ‘ಬನ’ವಾದುದನ್ನೂ ‘ವಸತಿ’ ಎಂಬುದು ‘ಬಸದಿ’ಯಾದುದನ್ನೂ ಬಲ್ಲ ಕನ್ನಡಿಗರಿಗೆ ವಕಾರವು ಬಕಾರವಾಗುವ ಈ ಚಮತ್ಕಾರವನ್ನು ವಿವರಿಸಬೇಕಾಗಿಲ್ಲ. ಹಗ್ಗದ ಕುಣಿಕೆಗೆ ಅವರು ಹೇಳುವ ‘ಲಾರಿಯೆಟ್’ ಎಂಬ ಮಾತೂ ಸ್ಪ್ಯಾನಿಷಿನದೇ. ಭಾಷೆಯೇ ಹೀಗೆ ಸಾಕ್ಷಿ ನುಡಿಯುತ್ತಿರುವಾಗ, ಕೌಬಾಯ್ ಎಂಬ ದನಗಾಹಿಯನ್ನು ಒಂದೇ ಜನಾಂಗದ ಸೊತ್ತೆಂದು ತಿಳಿಯುವುದು ಸರಿಯಲ್ಲ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಕೆಲಸವು ಆಟವಾದುದು ಹೇಗೆ? ದನಗಳನ್ನು ಕೂಡಿಹಾಕಿದಾಗ ಕರುಗಳನ್ನು ಕುಣಿಕೆಯಿಂದ ಹಿಡಿಯಬೇಕು, ಮುದ್ರೆ ಹಾಕಬೇಕು, ಪಳಗದ ಕುದುರೆಗಳನ್ನು ಪಳಗಿಸಬೇಕು. ಅನೇಕ ಒಡೆಯರ ಆಳುಗಳು ಒಂದೆಡೆ ಸೇರಿದಲ್ಲಿ ‘ನಾನು ಮೇಲೋ, ನೀನು ಮೇಲೋ’ ಎಂಬ ಪಂಥ ಹುಟ್ಟುವುದು ಸಹಜ. ಆದರೆ 1874ರಲ್ಲಿ ಮುಳ್ಳುತಂತಿಗೆ ಸನ್ನದು ದೊರೆತು ಬೇಲಿಗಳು ಎದ್ದವು, ರೈಲುದಾರಿಗಳು ಬಂದವು, 1886-87ರ ಭೀಕರ ಚಳಿಗಾಲದಲ್ಲಿ ಅಸಂಖ್ಯ ದನಗಳು ಸತ್ತವು. ಬಯಲು ಮೇವಿನ ಕಾಲ ಮುಗಿಯಿತು. ಬದುಕಿನಿಂದ ಮರೆಯಾಗುತ್ತಿರುವುದನ್ನು ಮನುಷ್ಯ ಹಬ್ಬದಲ್ಲಿ ಉಳಿಸಿಕೊಳ್ಳಲು ನೋಡುತ್ತಾನೆ. ಅರಿಜೋನಾದ ಪ್ರೆಸ್ಕಟ್ ಊರಿನಲ್ಲಿ 1888ರಲ್ಲಿಯೂ ವಯೋಮಿಂಗಿನ ಶಯಾನ್ ಪಟ್ಟಣದಲ್ಲಿ 1897ರಲ್ಲಿಯೂ ಇಂಥ ಪಂದ್ಯಗಳು ಮೊದಲಾದುವು. 1925ರಲ್ಲಿ ಟೂಸಾನಿನವರು ತಮ್ಮ ಉತ್ಸವಕ್ಕೆ ಸ್ಪ್ಯಾನಿಷಿನಲ್ಲಿಯೇ ‘ಗೋವಳರ ಹಬ್ಬ’ ಎಂದು ಹೆಸರಿಟ್ಟರು.

ಪೆಂಡಲ್ಟನ್ನಿನ ಕಥೆ 1909ರ ಜುಲೈ 4ರಂದು ಪ್ರಾರಂಭವಾಗುತ್ತದೆ. ಅಮೆರಿಕದವರ ಸ್ವಾತಂತ್ರ್ಯ ದಿನವಾದ ಅಂದು ಊರವರು ಕುದುರೆ ಸವಾರಿ, ಓಟದ ಪಂದ್ಯ, ಗೋಣಿಚೀಲದ ಓಟ, ಇಂಡಿಯನ್ನರ ಕುಣಿತ, ಬಾಣಬಿರುಸುಗಳನ್ನು ಏರ್ಪಡಿಸಿದರು. ಅದು ಎಲ್ಲರಿಗೂ ಹಿಡಿಸಿತು. ಮರುವರ್ಷ ರಾಯ್ ರೇಲಿ ಎಂಬ ವಕೀಲನ ಮುಂದಾಳುತನದಲ್ಲಿ, ಲಾಭದ ಆಸೆಯಿಲ್ಲದ ಒಂದು ಸಂಘವೇ ಸ್ಥಾಪನೆಯಾಯಿತು. ದಿನವನ್ನು ಸೆಪ್ಟೆಂಬರಿಗೆ ಗೊತ್ತುಮಾಡಿದರು. ಕಾರಣವಿಷ್ಟೆ: ಆ ವೇಳೆಗೆ ಗೋದಿಯ ಕೊಯ್ಲು ಮುಗಿದಿರುತ್ತದೆ, ದನದ ಒಡೆಯರಿಗೂ ಬಿಡುವು. ಸುಗ್ಗಿ ಮುಗಿದ ಮೇಲೆ ಹಬ್ಬವೆಂಬ ನಿಯಮ ಯಾವ ದೇಶಕ್ಕೂ ಹೊಸದಲ್ಲ.

1910ರ ಸೆಪ್ಟೆಂಬರ್ 29ರಂದು ಮೊದಲ ರೌಂಡಪ್ ನಡೆಯಿತು. ಊರಿನ ಜನಸಂಖ್ಯೆ ಆಗ ಸುಮಾರು 4,500. ನೋಡಲು ಬಂದವರು 7,000. ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಅಂಗಡಿಕಾರರೇ ಅಂಗಣದಲ್ಲಿ ಕೆಲಸಕ್ಕೆ ನಿಂತಿರುವಾಗ ವ್ಯಾಪಾರ ಮಾಡುವವರು ಯಾರು? ಸಂಬಳವಿಲ್ಲದೆ ಊರವರೇ ದುಡಿಯುವ ಪದ್ಧತಿ ಅಂದಿನಿಂದ ನಡೆದುಬಂದಿದೆ. ಪಂದ್ಯದ ಅಂಗಣದ ನಡುವೆ ಮಣ್ಣಿಗೆ ಬದಲು ಹಸುರು ಹುಲ್ಲನ್ನು ಉಳಿಸಿಕೊಂಡಿರುವುದೂ, ಮೆರವಣಿಗೆಯಲ್ಲಿ ಮೋಟಾರು ವಾಹನಗಳನ್ನು ಸೇರಿಸದೆ ಕುದುರೆ, ಎತ್ತು, ಹೇಸರಗತ್ತೆಗಳ ಬಂಡಿಗಳನ್ನೇ ನಡೆಸುವುದೂ ಈ ಊರಿನ ವೈಶಿಷ್ಟ್ಯ.

ಇನ್ನು ಆ ನೆಲದ ಮೂಲ ಒಡೆಯರ ವಿಚಾರ. ಕಯೂಸ್, ಯುಮಟಿಲ್ಲಾ, ವಾಲಾವಾಲಾ ಎಂಬ ಮೂರು ಕುಲಗಳ ಜನ ಪೆಂಡಲ್ಟನ್ನಿನ ಮಗ್ಗುಲಲ್ಲಿಯೇ ಇದ್ದಾರೆ. ಇವರು ಕುದುರೆ ಸಾಕುವುದರಲ್ಲಿ ನಿಸ್ಸೀಮರು. ಪಶ್ಚಿಮ ಪ್ರಾಂತಗಳಲ್ಲಿ ‘ಕಯೂಸ್’ ಎಂದರೆ ಕುದುರೆ ಎಂದೇ ಅರ್ಥವಾಗಿಹೋಗುವಷ್ಟು! 1855ರ ಕೌಲಿನಲ್ಲಿ ಇವರು ಸರ್ಕಾರಕ್ಕೆ ಬಿಟ್ಟುಕೊಟ್ಟ ಭೂಮಿ ಸುಮಾರು 64 ಲಕ್ಷ ಎಕರೆ. ಉಳಿಸಿಕೊಂಡ ಮೀಸಲು ನೆಲವೂ 1885ರ ಕಾಯಿದೆಯಿಂದ ಮತ್ತಷ್ಟು ಕುಗ್ಗಿತು. ಅದೂ ಸಾಲದೆಂಬಂತೆ, 1883ರಿಂದ ಸರ್ಕಾರದ ಕಟ್ಟಳೆಗಳು ಇಂಡಿಯನ್ನರ ಸಾಂಪ್ರದಾಯಿಕ ಕುಣಿತಗಳನ್ನು ಅಪರಾಧಗಳ ಪಟ್ಟಿಗೆ ಸೇರಿಸಿದ್ದವು.

ಇಂಥವರನ್ನು ಉತ್ಸವಕ್ಕೆ ಕರೆಯಲು ಹೋದವನು ಉಣ್ಣೆಯ ಗಿರಣಿಯ ರಾಯ್ ಬಿಷಪ್. ಆ ಗಿರಣಿಯ ಕಂಬಳಿಗಳಿಗೆ ಇಂಡಿಯನ್ನರೇ ದೊಡ್ಡ ಗಿರಾಕಿಗಳಾಗಿದ್ದುದರಿಂದ ಆತನಿಗೆ ಅವರ ಪರಿಚಯವಿತ್ತು. ಪೋಕರ್ ಜಿಮ್ ಮೊದಲಾದ ಹಿರಿಯರು ಒಪ್ಪಿದರು. ಡೇರೆಗಳ ಕಂಬಗಳನ್ನೂ ಹಬ್ಬದ ಉಡುಗೆಗಳನ್ನೂ ಹೊತ್ತು ಕುಟುಂಬಗಳು ಬಂದವು. ಇಂದಿಗೂ ಉತ್ಸವದ ವಾರದಲ್ಲಿ ಅಂಗಣದ ಪಕ್ಕದಲ್ಲಿ ಮುನ್ನೂರಕ್ಕೂ ಮಿಕ್ಕ ‘ಟೀಪಿ’ ಡೇರೆಗಳ ಹಳ್ಳಿಯೊಂದು ಏಳುತ್ತದೆ. 1916ರಲ್ಲಿ ಮೊದಲಾದ ‘ಹ್ಯಾಪಿ ಕ್ಯಾನಿಯನ್’ ಎಂಬ ರಾತ್ರಿಯ ದೃಶ್ಯನಾಟಕದಲ್ಲಿ ಬಿಳಿಯರು ಬರುವುದಕ್ಕೆ ಮುಂಚಿನ ಬಾಳು, ವಲಸೆಗಾರರ ಬಂಡಿಗಳ ಆಗಮನ, ಕಾಳಗ, ಮೀಸಲು ನೆಲಕ್ಕೆ ಹೊರಡುವ ದುಃಖ, ಕೊನೆಗೆ ಹೊಸ ಊರಿನ ಹಾಸ್ಯ, ಇವೆಲ್ಲ ಬರುತ್ತವೆ. ಅದರ ಇಂಡಿಯನ್ ಭಾಗವನ್ನು ರಚಿಸಿದವಳು ಕಯೂಸ್ ಕುಲದ ಆನಾ ಮಿಂಥಾರ್ನ್ ವಾನಸೇ ಎಂಬ ವಿದ್ಯಾವಂತ ಮಹಿಳೆ. ನಮ್ಮಲ್ಲಿ ಮೇಳದ ವೇಷಗಳು ಮನೆತನದಲ್ಲಿ ನಡೆದುಬರುವಂತೆ ಅಲ್ಲಿಯೂ ಅಜ್ಜನ ಪಾತ್ರ ಮೊಮ್ಮಗನಿಗೆ ಬರುವುದುಂಟು.

ಇದರಲ್ಲಿ ಒಂದು ವಿಪರ್ಯಾಸವಿಲ್ಲದಿಲ್ಲ. ಸೋತವರನ್ನು ಗೆದ್ದವರು ತಮ್ಮ ಸಂತೋಷಕ್ಕಾಗಿ ಕುಣಿಸಿದರೆಂದು ಯಾರಾದರೂ ಆಕ್ಷೇಪಿಸಿದರೆ ಆ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಇನ್ನೊಂದು ಮುಖವೂ ಇದೆ. ತಮ್ಮ ಉಡುಗೆಯನ್ನು ಉಡುವುದೂ ತಮ್ಮ ಮದ್ದಲೆಯನ್ನು ಬಡಿಯುವುದೂ ತಪ್ಪೆಂದು ಹೇಳಿಸಿಕೊಳ್ಳುತ್ತಿದ್ದ ಕಾಲದಲ್ಲಿ, ವರ್ಷಕ್ಕೆ ಕೆಲವು ದಿನವಾದರೂ ಅವನ್ನು ಹಾಡುಹಗಲಲ್ಲಿ ಮಾಡಲು ಈ ಉತ್ಸವ ಅವರಿಗೆ ಎಡೆಗೊಟ್ಟಿತು. ತಾಯಿ ಮಣಿ ಪೋಣಿಸಿದ ಅಂಗಿಯನ್ನು ಮಗಳು ಉಟ್ಟಳು. ಹಾಡು ಮರೆಯದೆ ಉಳಿಯಿತು.

ಉತ್ಸವದ ಚರಿತ್ರೆಯಲ್ಲಿ ಅತ್ಯಂತ ಸ್ಮರಣೀಯವಾದ ದಿನ 1911ರಲ್ಲಿ ಬಂದಿತು. ಪಳಗದ ಕುದುರೆಯನ್ನು ಜೀನು ಹಾಕಿ ಏರುವ ಪಂದ್ಯದ ಕೊನೆಯ ಸುತ್ತಿನಲ್ಲಿ ಮೂವರು ಉಳಿದರು: ನೆಜ್ ಪರ್ಸ್ ಕುಲದ ಜಾಕ್ಸನ್ ಸನ್‌ಡೌನ್, ಕರಿಯ ಜನಾಂಗದ ಜಾರ್ಜ್ ಫ್ಲೆಚರ್, ಬಿಳಿಯ ಜಾನ್ ಸ್ಪೇನ್. ಮೂವರೂ ಗಟ್ಟಿಗರೇ. ಫ್ಲೆಚರ್ ಬಾಲ್ಯದಿಂದ ಪೆಂಡಲ್ಟನ್ನಿನಲ್ಲಿ ಬೆಳೆದವನು. ಪಕ್ಕದ ಇಂಡಿಯನ್ನರ ನಡುವೆ ಓಡಾಡಿ ಕುದುರೆಯ ಮರ್ಮವನ್ನು ಕಲಿತವನು. ಬಣ್ಣದ ಕಾರಣದಿಂದ ಅನೇಕ ಊರುಗಳ ಪಂದ್ಯಗಳಲ್ಲಿ ಆತನಿಗೆ ಪ್ರವೇಶವೇ ಇರಲಿಲ್ಲ. ಕರಿಯರು ಬಂದು ನೆಲಸಬಾರದೆಂಬ ವಾಕ್ಯ ಆರೆಗನ್ನಿನ ರಾಜ್ಯಾಂಗದಲ್ಲಿಯೇ ಇತ್ತು. ಅದನ್ನು ತೆಗೆದುಹಾಕಿದ್ದು 1926ರಲ್ಲಿ. ಅಂಥ ರಾಜ್ಯದಲ್ಲಿ ಈತ ಕುದುರೆಯೇರಿ ಅಂಗಣಕ್ಕೆ ಬಂದನು.

ತೀರ್ಪುಗಾರರು ಸ್ಪೇನನೇ ಗೆದ್ದನೆಂದರು. ನೋಡುತ್ತಿದ್ದ ಜನ ಅದನ್ನು ಒಪ್ಪಲಿಲ್ಲ. ಜಯ ಫ್ಲೆಚರನದೆಂದು ಕೂಗಿದರು. ಆಗ ಜಿಲ್ಲೆಯ ಷೆರಿಫ್ ಟಿಲ್ ಟೇಲರ್ ಒಂದು ಉಪಾಯ ಹೂಡಿದನು. ಫ್ಲೆಚರನ ಟೋಪಿಯನ್ನು ತೆಗೆದುಕೊಂಡು ಚೂರುಚೂರಾಗಿ ಕತ್ತರಿಸಿ, ಒಂದೊಂದು ಚೂರನ್ನು ಜನರಿಗೆ ಮಾರಿದನು. ಜನ ಮುಗಿಬಿದ್ದು ಕೊಂಡರು. ಕೂಡಿದ ಹಣವನ್ನು ಫ್ಲೆಚರನ ಕೈಗೆ ಕೊಟ್ಟನು. ಗೆದ್ದವನಿಗೆ ಬಹುಮಾನವಾಗಿ ಸಂದ ಜೀನಿನ ಬೆಲೆಯನ್ನು ಅದು ಮೀರಿತ್ತೆಂದು ಅಲ್ಲಿಯವರು ಹೇಳುತ್ತಾರೆ. ನ್ಯಾಯಪೀಠದಲ್ಲಿ ದೊರಕದ ನ್ಯಾಯವನ್ನು ಜನ ತಮ್ಮ ಜೇಬಿನಿಂದ ತೆಗೆದು ಕೊಟ್ಟರು. ಇದು ಪೂರ್ಣ ನ್ಯಾಯವಲ್ಲ, ನಿಜ. ದಾಖಲೆಯಲ್ಲಿ ಫ್ಲೆಚರನ ಹೆಸರು ಎರಡನೆಯದಾಗಿಯೇ ಉಳಿಯಿತು. ಆದರೂ ಅಂದಿನ ಕಾಲದಲ್ಲಿ ಅಷ್ಟೂ ಸಣ್ಣ ಮಾತಾಗಿರಲಿಲ್ಲ.

ಜಾಕ್ಸನ್ ಸನ್‌ಡೌನನ ಕಥೆ ಇನ್ನೊಂದು ಬಗೆ. 1863ರಲ್ಲಿ ಹುಟ್ಟಿದ ಈತ ನೆಜ್ ಪರ್ಸ್ ಜನರ ಪ್ರಸಿದ್ಧ ನಾಯಕ ಜೋಸೆಫನ ಬಂಧು. 1877ರಲ್ಲಿ ಆ ಜನ ಸರ್ಕಾರದ ಸೈನ್ಯದೊಡನೆ ಹೋರಾಡುತ್ತ, ಹೆಂಡಿರು ಮಕ್ಕಳೊಡನೆ ಸಾವಿರ ಮೈಲಿಗೂ ಮಿಕ್ಕು ನಡೆದು, ಕೆನಡಾದ ಗಡಿ ಇನ್ನು ನಲವತ್ತು ಮೈಲಿ ಇದೆಯೆನ್ನುವಾಗ ಸೆರೆಸಿಕ್ಕರು. ಹದಿನಾಲ್ಕರ ಹುಡುಗನಾಗಿದ್ದ ಈತ ತಪ್ಪಿಸಿಕೊಂಡು ಗಡಿ ದಾಟಿದವರಲ್ಲೊಬ್ಬ. ಅದೇ ಹುಡುಗ ಐವತ್ಮೂರನೆಯ ವಯಸ್ಸಿನಲ್ಲಿ, ಇನ್ನು ಪಂದ್ಯವೇ ಬೇಡವೆಂದಿದ್ದವನು, ಶಿಲ್ಪಿ ಪ್ರಾಕ್ಟರನ ಒತ್ತಾಯಕ್ಕೆ ಮಣಿದು 1916ರಲ್ಲಿ ಮತ್ತೆ ಪೆಂಡಲ್ಟನ್ನಿಗೆ ಬಂದನು. ತನ್ನ ಅರ್ಧ ವಯಸ್ಸಿನವರನ್ನು ಸೋಲಿಸಿ ಗೆದ್ದನು. ಅಮೆರಿಕದ ಇಂಡಿಯನ್ನರೆಲ್ಲರಿಗೂ ಆ ದೇಶದ ನಾಗರಿಕತ್ವ ದೊರೆಯಲು ಇನ್ನೂ ಎಂಟು ವರ್ಷ ಬಾಕಿಯಿತ್ತು.

ಉತ್ಸವದಲ್ಲಿ ಕಣ್ಣೀರಿನ ಪುಟಗಳೂ ಇವೆ. ಟೋಪಿ ಕತ್ತರಿಸಿ ಮಾರಿದ ಟಿಲ್ ಟೇಲರ್ ಮುಂದೆ ರೌಂಡಪ್ ಸಂಘದ ಅಧ್ಯಕ್ಷನೂ ಆದನು. 1920ರಲ್ಲಿ ಸೆರೆಮನೆಯಿಂದ ಓಡಿಹೋಗುತ್ತಿದ್ದ ಕೈದಿಯ ಗುಂಡಿಗೆ ಬಲಿಯಾದನು. ಅಶ್ವಾರೂಢನಾದ ಆತನ ಕಂಚಿನ ಪ್ರತಿಮೆ ಊರಿನ ಉದ್ಯಾನದಲ್ಲಿದೆ. ಮೊದಲಿನಿಂದಲೂ ಹೆಂಗಸರು ಇಲ್ಲಿ ಗಂಡಸರಂತೆಯೇ ಒರಟು ಕುದುರೆಗಳನ್ನು ಏರುತ್ತಿದ್ದರು. 1914ರಲ್ಲಿ ಬರ್ಥಾ ಬ್ಲಾಂಕೆಟ್ ಎಂಬಾಕೆ ಸರ್ವಶ್ರೇಷ್ಠ ಪದವಿಗೆ ಅತಿ ಸಮೀಪಕ್ಕೆ ಬಂದಿದ್ದಳು. ಆದರೆ 1929ರಲ್ಲಿ ಬಾನಿ ಮೆಕ್ಯಾರಲ್ ಎಂಬ ಸವಾರಳು ಕುದುರೆಯಿಂದ ಬಿದ್ದಳು. ಹೆಂಗಸರಿಗೆ ಆಸರೆಯಾಗಲೆಂದು ರಿಕಾಪುಗಳನ್ನು ಕುದುರೆಯ ಹೊಟ್ಟೆಯ ಕೆಳಗೆ ಬಿಗಿದು ಕಟ್ಟುವ ಪದ್ಧತಿಯಿತ್ತು. ಕಾಲು ಬಿಡಿಸಿಕೊಳ್ಳಲಾಗದೆ, ಎಳೆದಾಡಲ್ಪಟ್ಟು ಆಕೆ ಕೆಲವು ದಿನಗಳಲ್ಲಿ ತೀರಿಕೊಂಡಳು. ಕೊಂದದ್ದು ಆಸರೆಗೆಂದು ಕಟ್ಟಿದ ಕಟ್ಟು. ನಿಲ್ಲಿಸಿದ್ದು ಮಾತ್ರ ಹೆಂಗಸರ ಪಂದ್ಯವನ್ನು! ಪೆಂಡಲ್ಟನ್ ಹೀಗೆ ಮಾಡಲು ಇತರ ಊರುಗಳೂ ಹಾಗೆಯೇ ಮಾಡಿದವು. ಹೆಂಗಸರು ಸ್ಪರ್ಧಿಗಳಾಗಿ ಆ ಹುಲ್ಲಿನ ಮೇಲೆ ಮತ್ತೆ ಕಾಣಿಸಿಕೊಳ್ಳಲು ಹಲವು ದಶಕಗಳೇ ಬೇಕಾದವು.

1940ರಲ್ಲಿ ಮರದ ಪ್ರೇಕ್ಷಕ ಮಂಟಪ ಬೆಂಕಿಗೆ ಆಹುತಿಯಾಯಿತು. ಆದರೂ ಆ ವರ್ಷದ ಉತ್ಸವ ತಪ್ಪಲಿಲ್ಲ. ಮಹಾಯುದ್ಧದ ದೆಸೆಯಿಂದ 1942, 1943ರಲ್ಲಿಯೂ, ಕೋವಿಡ್ ಪಿಡುಗಿನಿಂದ 2020ರಲ್ಲಿಯೂ ಮಾತ್ರ ಅದು ನಿಂತಿತು. ಪ್ರಾಣಿಗಳಿಗೆ ಹಿಂಸೆಯೆಂಬ ಆಕ್ಷೇಪವನ್ನು ಇಂಥ ಪಂದ್ಯಗಳು ಬಹುಕಾಲದಿಂದ ಎದುರಿಸುತ್ತ ಬಂದಿವೆ. ಅದು ಇನ್ನೂ ತೀರ್ಮಾನವಾಗದ ವಾದ.

ಫ್ಲೆಚರ್ ಒಂದನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದು, ಗಾಯದ ದೇಹದಿಂದ ಮತ್ತೆ ಪಂದ್ಯಕ್ಕಿಳಿಯಲಾರದೆ, ದನದ ಮಂದೆಗಳ ಕೆಲಸದಲ್ಲಿಯೇ ಬಾಳು ಸವೆಸಿದನು. ರೌಂಡಪ್ಪಿನ ಗಣ್ಯರ ಸ್ಮಾರಕ ಮಂದಿರ 1969ರಲ್ಲಿ ಪ್ರಾರಂಭವಾದಾಗ ಆತನ ಹೆಸರು ಅದರಲ್ಲಿ ಸೇರಿತು. ಆಗ ಆತ ಇನ್ನೂ ಬದುಕಿದ್ದನು. ತೀರಿಕೊಂಡದ್ದು 1973ರಲ್ಲಿ. 2014ರಲ್ಲಿ ಪೆಂಡಲ್ಟನ್ನಿನ ಬೀದಿಯಲ್ಲಿ ಆತನ ಕಂಚಿನ ಪ್ರತಿಮೆ ನಿಂತಿತು.

ಊರಿನ ಜಾತ್ರೆ ಆ ಊರಿನ ಕನ್ನಡಿ. ತನಗೆ ಬೇಕಾದ ಮುಖವನ್ನು ನೋಡಿಕೊಳ್ಳಲೆಂದು ಊರು ಅದನ್ನು ಎತ್ತಿ ಹಿಡಿಯುತ್ತದೆ; ಬೇಡವಾದುದೂ ಅದರಲ್ಲಿ ಕಂಡೇ ಕಾಣುತ್ತದೆ. ಪೆಂಡಲ್ಟನ್ನಿನವರು ದನಗಾಹಿಯ ಹಳೆಯ ಶೌರ್ಯವನ್ನು ನೆನೆಯಲು ಕೂಡಿದರು. ಆ ಶೌರ್ಯದಲ್ಲಿ ಸ್ಪ್ಯಾನಿಷ್ ಗೋವಳನ ಮಾತೂ, ಕಯೂಸರ ಕುದುರೆಯೂ, ಕರಿಯನ ಸವಾರಿಯೂ, ಹೆಂಗಸರ ಕೆಚ್ಚೂ ಬೆರೆತಿದ್ದವೆಂಬುದು ಅವರ ಹಬ್ಬದಿಂದಲೇ ಹೊರಬಿದ್ದಿತು. ಫ್ಲೆಚರನ ಪ್ರತಿಮೆಗೆ ನೂರಮೂರು ವರ್ಷ ತಡವಾಯಿತು. ಟೋಪಿಯ ಚೂರನ್ನು ಕೊಂಡ ಜನರಿಗೆ ಮಾತ್ರ ಒಂದು ಗಳಿಗೆಯೂ ತಡವಾಗಲಿಲ್ಲ.